ಬಿಳಿ ಕಾರು ಮೊಂಡು ಹಿಡಿದ ಎರಡು ತಿಂಗಳು

ನನ್ನ ಹೆಸರು ವತ್ಸಲಾ, ನಮ್ಮ ಯಜಮಾನರ ಹೆಸರು ವೆಂಕಟಗಿರಿ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ತಯಾರು ಮಾಡಿದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಪಕ್ಕಕ್ಕೆ ಹಾಕುವ ಕೆಲಸ. ತಪ್ಪು ಹುಡುಕುವುದಕ್ಕೇ ಸಂಬಳ ಪಡೆದವರು ರಿಟೈರ್ ಆದ ಮೇಲೆ ಸುಮ್ಮನಿರುತ್ತಾರೆಯೇ? ಮನೆಯಲ್ಲಿ ಹುಡುಕುತ್ತಾರೆ. ಉಪ್ಪಿಟ್ಟಿನಲ್ಲಿ ಸಾಸಿವೆ ಹೊತ್ತಿದೆ, ಗಡಿಯಾರ ಎರಡು ನಿಮಿಷ ಮುಂದಿದೆ, ಹಾಲಿನವನು ಪ್ಯಾಕೆಟ್ಟನ್ನು ತಲೆಕೆಳಗಾಗಿ ಇಟ್ಟಿದ್ದಾನೆ. ನಾನೂ ಬಿಡುವವಳಲ್ಲ. ಬಸವೇಶ್ವರನಗರದ ಈ ಮನೆಗೆ ಬಂದು ನಲವತ್ತೆಂಟು ವರ್ಷವಾಯಿತು, ಇವರು ಒಂದು ಅಂದರೆ ನಾನು ಎರಡು ಅಂದೇ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ನಮ್ಮ ಮಾತು ಕೇಳಿ ಕೇಳಿ ಎದುರುಮನೆಯ ಹನುಮಕ್ಕನಿಗೆ ರೇಡಿಯೋ ಬೇಕಾಗಿಲ್ಲ.

ಹೀಗೆ ಜಗಳವಾಡಿಕೊಂಡು ಚೆನ್ನಾಗಿದ್ದವರು ಈ ವರ್ಷ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಬ್ಬರ ಮುಖ ಒಬ್ಬರು ನೋಡುವುದಕ್ಕೂ ಅಂಜುವ ಹಾಗಾದೆವು. ಅದಕ್ಕೆಲ್ಲ ನೆಪವಾದದ್ದು ನಮ್ಮ ಕಾರು.

ಕಾರು ತೊಂಬತ್ತೆಂಟನೇ ಇಸವಿಯದು. ಬಿಳಿ ಬಣ್ಣ, ಚಿಕ್ಕದು, ಎ.ಸಿ. ಇಲ್ಲ. ಚೋಕ್ ಎಳೆದು, ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬಿಟ್ಟು ಸ್ಟಾರ್ಟ್ ಮಾಡುವ ಹಳೆಯ ಕಾಲದ ಗಾಡಿ. ಮಗ ಮಧ್ವೇಶ್ ಡ್ರೈವಿಂಗ್ ಕಲಿತದ್ದು ಇದರಲ್ಲಿ, ಮೊಮ್ಮಗಳು ಮಾಲವಿಕಾ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲಿ. ಈಗ ಅವಳು ವಿಜಯನಗರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ಮುಂಜಾನೆಯ ಕಾಲೇಜು. ಬೆಳಗ್ಗೆ ಏಳೂಕಾಲಿಗೆ ಅವಳನ್ನು ಕೂರಿಸಿಕೊಂಡು ಹೋಗಿ ಬಿಟ್ಟು, ಬರುವಾಗ ಮಾರ್ಕೆಟ್ಟಿನಲ್ಲಿ ಸೊಪ್ಪು ತರುವುದು ಇವರ ದಿನದ ಕೆಲಸ. ಎಪ್ಪತ್ತಮೂರು ವರ್ಷದ ಮನುಷ್ಯನಿಗೆ ಬೆಳಗ್ಗೆ ಎದ್ದರೆ ಹೋಗಲು ಒಂದು ಕಡೆ ಇರಬೇಕು, ಇವರಿಗೆ ಇತ್ತು. ಮಗ, ಸೊಸೆ, ಮೊಮ್ಮಗಳು ಮೇಲಿನ ಮನೆಯಲ್ಲಿದ್ದಾರೆ. ಮೆಟ್ರೋ ಇದೆ, ಬಸ್ಸಿದೆ, ಆದರೂ ಮಾಲವಿಕಾ ತಾತನ ಕಾರಿನಲ್ಲೇ ಹೋಗುತ್ತಿದ್ದಳು. ಅದು ಅವಳ ಒಳ್ಳೆಯತನ ಅಂತ ನನಗೆ ಗೊತ್ತು, ಇವರಿಗೂ ಗೊತ್ತು.

ಈ ವರ್ಷ ಎರಡು ಬದಲಾವಣೆ ಆಗಿದ್ದವು. ಇವರಿಗೆ ಕತ್ತು ನೋವು ಬಂದು, ಬೆಳಗ್ಗೆ ಹಿಂದೆ ತಿರುಗಿ ನೋಡುತ್ತಾ ರಸ್ತೆಗೆ ರಿವರ್ಸ್ ಹೋಗುವುದು ಕಷ್ಟವಾಯಿತು. ಅದಕ್ಕೆ ಮಧ್ವೇಶ್ ಸಂಜೆಯೇ ಕಾರನ್ನು ರಿವರ್ಸ್ ತಂದು, ಮೂತಿ ಗೇಟಿನ ಕಡೆ ಮಾಡಿ ನಿಲ್ಲಿಸತೊಡಗಿದ. ಎರಡನೆಯದು ನೀರು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರಬೇಕು. ಈ ಬೇಸಿಗೆಯಲ್ಲಿ ಅದಕ್ಕೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಒಮ್ಮೆ ಬೆಳಗ್ಗೆ ಆರಕ್ಕೆ, ಒಮ್ಮೆ ನಡುಮಧ್ಯಾಹ್ನ, ಒಮ್ಮೊಮ್ಮೆ ನಾಲ್ಕು ದಿನ ಪತ್ತೆಯೇ ಇಲ್ಲ. ಇವರು ಮನೆಯಲ್ಲಿ ಕಾನೂನು ಮಾಡಿದರು.

"ಪೈಪ್ ಮುಟ್ಟಬೇಡ. ಅಂಗಳಕ್ಕೆ ಅರ್ಧ ಬಕೆಟ್ ಸಾಕು. ಜನ ಕುಡಿಯೋ ನೀರಿಗೆ ಪರದಾಡ್ತಿದಾರೆ."

ನಾನು ತಲೆ ಆಡಿಸಿದೆ. ತಲೆ ಆಡಿಸುವುದು ಬೇರೆ, ಮಾತು ಕೊಡುವುದು ಬೇರೆ ಅಂತ ಆಗ ನನಗೆ ನಾನೇ ಹೇಳಿಕೊಂಡೆ.

ಫೆಬ್ರವರಿಯ ಎರಡನೇ ವಾರ ಒಂದು ಬೆಳಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮಾಲವಿಕಾ ಆಟೋದಲ್ಲಿ ಹೋದಳು. ಒಂಬತ್ತೂವರೆಗೆ ಇವರು ಮತ್ತೆ ಕೂತು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್. ಮಾರನೇ ದಿನವೂ ಸರಿ, ಅದರ ಮಾರನೇ ದಿನವೂ ಸರಿ. ನಾಲ್ಕನೇ ದಿನ ಮತ್ತೆ ಇಲ್ಲ. ಇವರು ಮೊಮ್ಮಗಳ ಹಳೆಯ ನೋಟ್‌ಬುಕ್ ಒಂದನ್ನು ತೆಗೆದು, ತಾರೀಖು, ಹೊತ್ತು, ಚೋಕ್ ಎಷ್ಟು ಎಳೆದೆ, ಎಷ್ಟು ಸಲ ಕೀ ತಿರುಗಿಸಿದೆ ಎಲ್ಲ ಬರೆಯತೊಡಗಿದರು.

ನಂದಿನಿ ಲೇಔಟ್ ಕಡೆ ಹೋಗುವ ರಸ್ತೆಯಲ್ಲಿ ಗೂಳಪ್ಪನ ಶೆಡ್ಡಿದೆ. ಇಪ್ಪತ್ತು ವರ್ಷದಿಂದ ನಮ್ಮ ಕಾರಿನ ಮೆಕ್ಯಾನಿಕ್ ಅವರೇ. ದಪ್ಪ ಆಳು, ಬಾಯಿ ತುಂಬ ಮಾತು. ಫೋನ್ ಮಾಡಿದ ದಿನ ಹತ್ತು ಗಂಟೆಗೆ ಬಂದು ಕೀ ತಿರುಗಿಸಿದರು. ಕಾರು ತಕ್ಷಣ ಸ್ಟಾರ್ಟ್ ಆಯಿತು.

"ಏನ್ ಸಾರ್, ನನ್ ಕಂಡ್ರೆ ಹೆದ್ರಿಕೊಂಡು ಎದ್ದು ಕೂರ್ತದೆ ನಿಮ್ ಗಾಡಿ" ಅಂದರು.

ಬ್ಯಾಟರಿ ಹಳೆಯದಾಗಿದೆ ಅಂತ ಹೊಸದು ಹಾಕಿದರು. ಐದು ದಿನ ಚೆನ್ನಾಗಿತ್ತು, ಆರನೇ ದಿನ ಮತ್ತೆ ಅದೇ ಹಾಡು. ಪ್ಲಗ್ ಬದಲಾಯಿಸಿದರು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಪ್ರತಿ ಸಲ ಗೂಳಪ್ಪ ಬರುವ ಹೊತ್ತಿಗೆ ಕಾರು ಸಂಭಾವಿತ ಹುಡುಗಿಯ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಒಂದು ದಿನ ಎಂಟೂವರೆಗೇ ಓಡಿ ಬಂದರು. ನಮ್ಮದು ಪೂರ್ವದ ಬಾಗಿಲು, ಆ ಹೊತ್ತಿಗೆ ಬಿಸಿಲು ನೆಟ್ಟಗೆ ಬಾನೆಟ್ಟಿನ ಮೇಲೆ ಬಿದ್ದಿರುತ್ತದೆ. ಆಗಲೂ ಸ್ಟಾರ್ಟ್ ಆಯಿತು. ಅವತ್ತು ಗೂಳಪ್ಪ ತಮಾಷೆ ಮಾಡಲಿಲ್ಲ.

"ಗಾಡೀಲಿ ಏನೂ ತೊಂದ್ರೆ ಇಲ್ಲ ಸಾರ್" ಅಂದರು. ಬಾನೆಟ್ ಮುಚ್ಚುತ್ತಾ, "ಚೋಕ್ ಏನಾರ ಜಾಸ್ತಿ ಎಳೀತಿದೀರಾ? ಪೆಟ್ರೋಲ್ ವಾಸ್ನೆ ಹೊಡೀತದೆ. ಒಂದೊಂದ್ ಸಲ ಮರ್ತು ಎರಡ್ ಸಲ ಎಳ್ದ್‌ಬಿಟ್ರೆ ಓವರ್‌ಫ್ಲೋ ಆಯ್ತದೆ."

"ಇಪ್ಪತ್ತೈದು ವರ್ಷದಿಂದ ಎಳೀತಿದೀನಿ" ಅಂದರು ಇವರು.

"ಹೌದು ಸಾರ್, ಅದಕ್ಕೇ ಕೇಳ್ದೆ. ವಯಸ್ಸಾಯ್ತಲ್ಲ."

ಗೂಳಪ್ಪ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಗಾಡಿಯಲ್ಲಿ ತೊಂದರೆ ಇಲ್ಲ ಅಂದ ಮೇಲೆ ತೊಂದರೆ ಎಲ್ಲಿದೆ? ಇವರು ಮೆಟ್ಟಿಲ ಮೇಲೆ ಕೂತವರು ಊಟಕ್ಕೆ ಕರೆಯುವವರೆಗೂ ಏಳಲಿಲ್ಲ.

ಇಲ್ಲಿ ನಮ್ಮ ಅತ್ತೆಯ ಮಾತು ಹೇಳಬೇಕು. ಇವರ ತಾಯಿ ಕೊನೆಯ ನಾಲ್ಕು ವರ್ಷ ಇದೇ ಮನೆಯಲ್ಲಿ, ಮರೆವು ಹತ್ತಿ, ಯಾರ ಗುರುತೂ ಸಿಗದೆ ಇದ್ದರು. ಮೊದಮೊದಲು ಸಣ್ಣಪುಟ್ಟದ್ದು. ಸಾರಿಗೆ ಎರಡು ಸಲ ಉಪ್ಪು, ತೆರೆದಿಟ್ಟ ನಲ್ಲಿ, ಹಚ್ಚಿದ ಒಲೆ. ಆಮೇಲೆ ಮಗನನ್ನೇ "ಯಾರಪ್ಪ ನೀನು, ಊಟ ಮಾಡ್ದ್ಯಾ?" ಅಂತ ಕೇಳುತ್ತಿದ್ದರು. ಇವರು ದಿನಾ "ಮಾಡ್ದೆ ಅಮ್ಮ, ನಾನು ಗಿರಿ" ಅಂತ ಹೇಳುತ್ತಿದ್ದರು. ನಾಲ್ಕು ವರ್ಷ ಹೇಳಿದರು. ಸ್ನಾನ ಮಾಡಿಸಿ, ತುತ್ತು ತಿನ್ನಿಸಿ ನೋಡಿಕೊಂಡವಳು ನಾನು, ಹಾಗಾಗಿ ಅದು ಹೇಗೆ ಶುರುವಾಗುತ್ತದೆ ಅಂತ ನನಗೂ ಚೆನ್ನಾಗಿ ಗೊತ್ತು. ಇವರ ಹೆದರಿಕೆ ಏನು ಅಂತ ಇವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆಮೇಲೆ ಎಲ್ಲರೂ ಲೆಕ್ಕ ಹಾಕತೊಡಗಿದೆವು. ಇವರು ಮಾಲವಿಕಾಳನ್ನು ಒಂದು ದಿನ ತಮ್ಮ ತಂಗಿಯ ಹೆಸರಿನಿಂದ ಕರೆದರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದರು. ಹಾಲು ಒಲೆಯ ಮೇಲಿಟ್ಟದ್ದನ್ನು ಮರೆತು ಪೇಪರ್ ಓದಿದರು. ಇವೆಲ್ಲ ಇವರು ಮದುವೆಯಾದಾಗಿನಿಂದ ಮಾಡುತ್ತಿರುವ ಕೆಲಸಗಳೇ. ಮೊದಲಾಗಿದ್ದರೆ ಹಾಲು ಉಕ್ಕಿಸಿದ್ದಕ್ಕೆ ಬೀದಿಗೆಲ್ಲ ಕೇಳುವ ಹಾಗೆ ಬೈದಿರುತ್ತಿದ್ದೆ. ಈಗ ಸದ್ದಿಲ್ಲದೆ ಒಲೆ ಒರೆಸಿದೆ. ನಾನು ಬೈಯಲಿಲ್ಲ ಅನ್ನುವುದನ್ನು ಇವರು ಗಮನಿಸಿದರು, ಇವರು ಗಮನಿಸಿದ್ದನ್ನು ನಾನು ಗಮನಿಸಿದೆ. ನನ್ನ ಗಂಡನನ್ನು ನಾನು ರೋಗಿಯ ಹಾಗೆ ನೋಡಿಕೊಳ್ಳಲು ಶುರುಮಾಡಿದ್ದೆ. ಅದರಷ್ಟು ಕಷ್ಟದ ಕೆಲಸ ನಾನು ಜೀವನದಲ್ಲಿ ಮಾಡಿಲ್ಲ.

ಏಪ್ರಿಲ್ ಮೊದಲ ವಾರ ಮಧ್ವೇಶ್ ಕೆಳಗೆ ಬಂದು ಅಪ್ಪನ ಪಕ್ಕದಲ್ಲಿ ಕೂತ. ಅವನು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ಮಾತು ಮೃದು.

"ಅಪ್ಪ, ನರರೋಗದ ಡಾಕ್ಟ್ರು ಒಬ್ರಿದಾರೆ. ಈ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ಸುಮ್ನೆ ಒಂದ್ಸಲ ತೋರಿಸ್ಕೊಂಡು ಬರೋಣ."

ಇವರು ವಾದ ಮಾಡಲಿಲ್ಲ. ಜೇಬಿನಿಂದ ಕಾರಿನ ಕೀ ತೆಗೆದು ಮಗನ ಕೈಗಿಟ್ಟರು. "ಇದನ್ನೂ ಗುಜರಿಗೆ ಕೊಟ್ಬಿಡು. ಮಗೂನ ಕೂರಿಸ್ಕೊಂಡು ಎಲ್ಲಾದ್ರೂ ದಾರಿ ತಪ್ಪಿದ್ರೆ ಕಷ್ಟ" ಅಂದರು.

ಮಧ್ವೇಶ್ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಮೇಲೆ ಹೋದ. ಮಾರನೇ ದಿನದಿಂದ ಮಾಲವಿಕಾ ಮೆಟ್ರೋದಲ್ಲಿ ಹೋದಳು. ಇವರು ಏಳೂಕಾಲಿಗೆ ಷರ್ಟು ಹಾಕಿಕೊಂಡು ಸುಮ್ಮನೆ ಜಗಲಿಯಲ್ಲಿ ಕೂತಿರುತ್ತಿದ್ದರು.

ಗುರುವಾರ ಮಧ್ಯಾಹ್ನ ಮಗ ಆಫೀಸಿನಿಂದ ಫೋನ್ ಮಾಡಿದ. "ಅಮ್ಮ, ಯಾವಾಗಿಂದ ಹಿಂಗಾಗ್ತಿದೆ ಅಂತ ಡಾಕ್ಟ್ರು ಕೇಳ್ತಾರೆ. ಅಪ್ಪನ ನೋಟ್‌ಬುಕ್ಕಲ್ಲಿ ತಾರೀಖು ಇರುತ್ತಲ್ಲ, ಬರ್ಕೊಂಡಿರು."

ಇವರು ಮಲಗಿದ್ದರು. ನಾನು ನೋಟ್‌ಬುಕ್ ತೆಗೆದೆ. ಮುಂದಿನ ಪುಟಗಳಲ್ಲಿ ಕಾರಿನ ವಿಷಯ, ಅಚ್ಚುಕಟ್ಟಾದ ಅಕ್ಷರ, ಗೀಟು ಎಳೆದ ಅಂಕಣಗಳು. ಒಟ್ಟು ಹದಿನಾಲ್ಕು ಸಲ ಸ್ಟಾರ್ಟ್ ಆಗಿರಲಿಲ್ಲ. ಬರೆದುಕೊಂಡು ಮುಚ್ಚುವಾಗ ಕೊನೆಯ ಕಡೆಯ ಪುಟ ತೆರೆದುಕೊಂಡಿತು. ಅಲ್ಲಿಯೂ ಏನೋ ಬರೆದಿತ್ತು. ಒಂದೊಂದು ದಿನಕ್ಕೆ ಒಂದೊಂದು ಪುಟ. ಇನ್‌ಸ್ಪೆಕ್ಷನ್ ವಿಭಾಗದ ಹನ್ನೊಂದು ಜನರ ಹೆಸರು. ಹದಿನೇಳರ ಮಗ್ಗಿ. ಕಾರ್ಖಾನೆಯಿಂದ ಮನೆಯವರೆಗಿನ ಬಸ್‌ಸ್ಟಾಪುಗಳು. ಮಧ್ವೇಶ್ ಹುಟ್ಟಿದ ದಿನ, ನಕ್ಷತ್ರ. ಪ್ರತಿ ಪುಟದ ಕೊನೆಗೆ "ಇವತ್ತು ಮರೆತದ್ದು" ಅಂತ ಒಂದು ಸಾಲು. ಒಂದು ದಿನ "ಎದುರುಮನೆ ಹನುಮಕ್ಕನ ಮಗನ ಹೆಸರು. ಹತ್ತು ನಿಮಿಷದ ಮೇಲೆ ನೆನಪಾಯಿತು." ಇನ್ನೊಂದು ದಿನ "ಏನೂ ಇಲ್ಲ. ಇದ್ದರೂ ನನಗೆ ಹೇಗೆ ಗೊತ್ತಾಗಬೇಕು?" ಅದರ ಕೆಳಗೆ "ಅಮ್ಮನಿಗೆ ವತ್ಸಲಾ ಮಾಡಿದ್ದು ಸಾಕು. ಎರಡನೇ ಸಲ ಅವಳ ಕೈಲಿ ಮಾಡಿಸಬಾರದು."

ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಸದ್ದು ಕೇಳಿಸದ ಹಾಗೆ ಅತ್ತೆ.

ಕಣ್ಣು ಒರೆಸಿಕೊಂಡು ತಲೆ ಎತ್ತಿದರೆ ಎದುರಿಗೆ ಗೋಡೆಯ ಕ್ಯಾಲೆಂಡರು. ಎಷ್ಟು ವಾರವಾಯಿತು ಅಂತ ಎಣಿಸೋಣ ಅಂತ ಹಾಳೆ ತಿರುವಿದೆ. ಅದರಲ್ಲಿ ನನ್ನದೂ ಒಂದು ಬರವಣಿಗೆ ಇರುತ್ತದೆ. ನೀರು ಬಂದ ದಿನದ ಚೌಕದಲ್ಲಿ ಬೆಳಗ್ಗೆ ಬಂದರೆ "ಬೆ", ಮಧ್ಯಾಹ್ನ ಬಂದರೆ "ಮ" ಅಂತ ಪೆನ್ನಿನಲ್ಲಿ ಗುರುತು ಮಾಡುತ್ತೇನೆ. ಸಂಪ್ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ, ಯಾವತ್ತು ಬಟ್ಟೆ ಒಗೆಯಬೇಕು ಅಂತ ತಿಳಿಯುವುದಕ್ಕೆ. ಕೈಯಲ್ಲಿದ್ದ ಚೀಟಿಯ ಮೊದಲ ತಾರೀಖು ನೋಡಿದೆ, ಕ್ಯಾಲೆಂಡರಿನಲ್ಲಿ "ಬೆ". ಎರಡನೆಯದು, "ಬೆ". ಮೂರು, ನಾಲ್ಕು, "ಬೆ". ಉಳಿದವನ್ನೂ ಬೆರಳಿಟ್ಟು ನೋಡಿದೆ. ಹದಿನಾಲ್ಕರಲ್ಲಿ ಹದಿಮೂರು ದಿನ ನೀರು ಬೆಳಗ್ಗೆ ಬಂದ ದಿನಗಳು. ಮಧ್ಯಾಹ್ನ ನೀರು ಬಂದ ಒಂದು ದಿನವೂ ಕಾರು ತಕರಾರು ಮಾಡಿರಲಿಲ್ಲ. ಮಾರ್ಚ್ ಹತ್ತೊಂಬತ್ತು ಒಂದು ಮಾತ್ರ ಹೊಂದಲಿಲ್ಲ, ಅವತ್ತು ನೀರೇ ಬಂದಿರಲಿಲ್ಲ.

ಈಗ ನನ್ನ ಗುಟ್ಟು ಹೇಳಿಬಿಡುತ್ತೇನೆ. ಅರ್ಧ ಬಕೆಟ್ಟಿನ ಕಾನೂನನ್ನು ನಾನು ಒಂದು ದಿನವೂ ಪಾಲಿಸಿರಲಿಲ್ಲ. ಮುಂದಿನ ರಸ್ತೆ ಅಗೆದು ಮೂರು ತಿಂಗಳಾಗಿತ್ತು. ಗೇಟು, ಅಂಗಳ, ತುಳಸಿಕಟ್ಟೆ ಎಲ್ಲ ಕೆಂಪು ಧೂಳು. ಧೂಳಿನ ಮೇಲೆ ರಂಗೋಲಿ ಹಾಕುವುದಕ್ಕೆ ನನ್ನ ಕೈ ಬರುವುದಿಲ್ಲ. ಬೆಳಗ್ಗೆ ಆರರಿಂದ ಏಳರವರೆಗೆ ಇವರು ಮಡಿಯುಟ್ಟು ಪೂಜೆಗೆ ಕೂತಿರುತ್ತಾರೆ. ಮಡಿಯಲ್ಲಿರುವಾಗ ಆಕಾಶ ಬಿದ್ದರೂ ಹೊರಗೆ ಬರುವವರಲ್ಲ. ಒಳಗೆ ಗಂಟೆಯ ಸದ್ದು ಶುರುವಾದರೆ ನಾನು ಹೊರಗೆ ನಲ್ಲಿಗೆ ಪೈಪ್ ಸಿಕ್ಕಿಸುತ್ತಿದ್ದೆ. ಐದು ನಿಮಿಷ, ಅಷ್ಟೇ. ಅಂಗಳ, ಆಮೇಲೆ ಗೇಟಿನ ಒಳಗಡೆ. ಅಷ್ಟು ಫೋರ್ಸ್ ಇರುವುದು ಬೀದಿಯ ನೀರು ಬರುತ್ತಿರುವಾಗ ಮಾತ್ರ. ಮಂಗಳಾರತಿ ಆಗುವಷ್ಟರಲ್ಲಿ ಪೈಪ್ ಸುತ್ತಿ ತುಳಸಿಕಟ್ಟೆಯ ಹಿಂದೆ ಇಟ್ಟು, ಕೈಯಲ್ಲಿ ಬಕೆಟ್ ಹಿಡಿದುಕೊಂಡು ನಿಂತಿರುತ್ತಿದ್ದೆ.

ಗೂಳಪ್ಪನಿಗೆ ಫೋನ್ ಮಾಡಿದೆ. "ನಾಳೆ ಬೆಳಗ್ಗೆ ಆರೂಕಾಲಿಗೆ ಬರ್ತೀರಾ? ನಾಳೆ ಆರಕ್ಕೆ ನೀರು ಬಿಡ್ತೀನಿ ಅಂದಿದಾನೆ ವಾಲ್ವ್ ತಿರುಗಿಸೋನು. ಯಜಮಾನ್ರಿಗೆ ಹೇಳ್ಬೇಡಿ."

"ನೀರಿಗೂ ನಂಗೂ ಏನಮ್ಮ ಸಂಬಂಧ? ನಾನ್ ಏಳೋದೇ ಏಳ್‌ ಗಂಟೆಗೆ."

"ಒಂದಿನ ಬೇಗ ಏಳಿ."

ಶುಕ್ರವಾರ ಬೆಳಗ್ಗೆ ಗೂಳಪ್ಪ ಕಣ್ಣುಜ್ಜಿಕೊಂಡು ಬಂದು ಕಾಂಪೌಂಡಿನ ಪಕ್ಕ ನಿಂತರು. ಒಳಗೆ ಗಂಟೆ ಶುರುವಾಯಿತು. ನಾನು ಏನೂ ಹೇಳದೆ, ದಿನದ ಹಾಗೆಯೇ ಪೈಪ್ ಹಿಡಿದು ತೊಳೆಯತೊಡಗಿದೆ. ನಮ್ಮ ಗೇಟಿನ ಕೆಳಗಿನ ಅರ್ಧಕ್ಕೆ ಕಬ್ಬಿಣದ ತಗಡು ಹೊಡೆದಿದೆ. ನೀರು ತಗಡಿಗೆ ಹೊಡೆದು, ಅಷ್ಟೇ ರಭಸದಿಂದ ವಾಪಸ್ಸು ಚಿಮ್ಮಿ ಕಾರಿನ ಮೂತಿಗೆ ಬೀಳುತ್ತಿತ್ತು. ಎರಡು ತಿಂಗಳು ನಾನೇ ಕೈಯಾರೆ ಮಾಡಿದ ಕೆಲಸ, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಗೂಳಪ್ಪ ಹತ್ತಿರ ಬಂದು ಕಾರಿನ ಮುಂದಿನ ಜಾಲರಿಯ ಮೇಲೆ ಕೈಯಿಟ್ಟು, ಒದ್ದೆಯಾದ ಅಂಗೈ ನೋಡಿಕೊಂಡರು.

"ಅಮ್ಮ, ದಿನಾ ಹಿಂಗೇನಾ?"

"ನೀರು ಬೆಳಗ್ಗೆ ಬಂದ ದಿನ."

"ಸರಿಹೋಯ್ತು. ಎರಡ್ ತಿಂಗ್ಳಿಂದ ನಾನು ಒಣಗಿದ ಗಾಡಿ ನೋಡ್ತಾ ಇದೀನಿ" ಅಂದರು. "ಕೀ ಕೊಡಿ."

ಮೊಳೆಯಿಂದ ಕೀ ತಂದುಕೊಟ್ಟೆ. ಗರಗರ, ಗರಗರ. ಸ್ಟಾರ್ಟ್ ಆಗಲಿಲ್ಲ. ಗೂಳಪ್ಪನ ಮುಖ ಅರಳಿತು. ಕಾರು ಸ್ಟಾರ್ಟ್ ಆಗದ್ದಕ್ಕೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ನೋಡಿರಲಿಲ್ಲ.

ಆ ಸದ್ದಿಗೆ ಒಳಗೆ ಗಂಟೆ ನಿಂತಿತು. ಇವರು ಮಡಿಪಂಚೆಯಲ್ಲೇ, ಪೂಜೆ ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಬಂದರು. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ. ಒದ್ದೆ ಅಂಗಳ ನೋಡಿದರು, ನನ್ನ ಕೈಯಲ್ಲಿನ ಪೈಪ್ ನೋಡಿದರು, ಗೂಳಪ್ಪನನ್ನು ನೋಡಿದರು.

"ಏನ್ ನಡೀತಿದೆ ಇಲ್ಲಿ?"

"ನಿಮ್ ಕಾರಿನ ಕಾಯಿಲೆ ಸಿಕ್ತು ಸಾರ್. ಅಮ್ಮ, ಒಂದು ಹಳೇ ಬೆಡ್‌ಶೀಟ್ ಕೊಟ್ಟು, ನೀವೇ ಹೋಗಿ ಕೀ ತಿರುಗ್ಸಿ" ಅಂದರು ಗೂಳಪ್ಪ.

ಬಾನೆಟ್ ಎತ್ತಿ, ಬೆಡ್‌ಶೀಟನ್ನು ತಲೆಯ ಮೇಲಿಂದ ಎಂಜಿನ್ನಿನವರೆಗೂ ಹೊದ್ದುಕೊಂಡರು, ಹಿಂದಿನ ಕಾಲದ ಫೋಟೋ ಸ್ಟುಡಿಯೋದವರ ಹಾಗೆ. ಡ್ರೈವರ್ ಸೀಟಿನಲ್ಲಿ ಎಂದೂ ಕೂರದ ನಾನು ಕೂತು ಕೀ ತಿರುಗಿಸಿದೆ. ಬೆಡ್‌ಶೀಟಿನ ಒಳಗಿನಿಂದ ದನಿ ಬಂತು. "ಸಾರ್, ಬೇಗ ಬನ್ನಿ ಒಳಗೆ. ನೀವೇ ನೋಡಿ."

ಮಡಿಯಲ್ಲಿದ್ದವರು ಒಂದು ಕ್ಷಣ ಯೋಚಿಸಿದರು. ಆಮೇಲೆ ಆ ಮೈಲಿಗೆ ಬೆಡ್‌ಶೀಟಿನೊಳಗೆ ತಲೆ ತೂರಿಸಿದರು. ನಾನು ಮತ್ತೆ ಕೀ ತಿರುಗಿಸಿದೆ. ಹೊರಗೆ ನನಗೆ ಕಾಣಿಸಿದ್ದು ಎರಡು ಬೆನ್ನುಗಳು ಮಾತ್ರ.

"ಕತ್ಲಲ್ಲಿ ಕಂಡ್ತಾ ಸಾರ್, ನೀಲಿ ಕಿಡಿ? ಕರೆಂಟು ಪ್ಲಗ್ಗಿಗೆ ಹೋಗದೆ ಕ್ಯಾಪ್ ಮೇಲೆಲ್ಲಾ ಓಡಾಡ್ತೈತೆ."

ಹೊರಗೆ ಬಂದು ಗೂಳಪ್ಪ ವಿವರಿಸಿದರು. ಎಂಜಿನ್ನಿನ ಎಲ್ಲ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಜಾಗಕ್ಕೆ ಒಂದು ಪ್ಲಾಸ್ಟಿಕ್ಕಿನ ಮುಚ್ಚಳ ಇದೆ. ಹಳೆಯದಾಗಿ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟಿದೆ. ಒಣಗಿದ್ದಾಗ ಏನೂ ತೊಂದರೆ ಇಲ್ಲ. ನೀರು ಬಿದ್ದು ಧೂಳು ಒದ್ದೆಯಾದರೆ ಕರೆಂಟು ಆ ಬಿರುಕಿನಲ್ಲಿ ಹಾದಿ ಮಾಡಿಕೊಂಡು ಹೊರಗೆ ಓಡಿಹೋಗುತ್ತದೆ. ಬಿಸಿಲು ಬಿದ್ದು ಒಣಗಿದರೆ ಮತ್ತೆ ಸರಿ. ಎಂಜಿನ್ ಹೊತ್ತಿಕೊಳ್ಳದೆ ಸುಮ್ಮನೆ ತಿರುಗಿದ್ದಕ್ಕೆ ಪೆಟ್ರೋಲ್ ವಾಸನೆ.

"ಮಳೆಗಾಲ ಆಗಿದ್ರೆ ಮೊದಲ್ನೇ ದಿನಾನೇ ಹಿಡೀತಿದ್ದೆ. ಈ ಬೇಸಿಗೇಲಿ ನೀರು ಎಲ್ಲಿಂದ ಬರ್ಬೇಕು ಅಂತ ಯೋಚ್ನೆ ಮಾಡ್ಲೇ ಇಲ್ಲ ಸಾರ್. ಚೋಕ್ ಬಗ್ಗೆ ಹೇಳಿದ್ದು ತಪ್ಪಾಯ್ತು."

ಗದ್ದಲಕ್ಕೆ ಎದ್ದು ಬಂದಿದ್ದ ಮಾಲವಿಕಾ ತನ್ನ ಹೇರ್ ಡ್ರೈಯರ್ ತಂದಳು. ಗೂಳಪ್ಪ ಮುಚ್ಚಳ ಬಿಚ್ಚಿ ಒರೆಸಿ, ಬಿಸಿಗಾಳಿ ಬಿಟ್ಟು, ಮತ್ತೆ ಕೂರಿಸಿದರು. ಇವರನ್ನೇ ಕೂರಿಸಿ ಕೀ ತಿರುಗಿಸಲು ಹೇಳಿದರು. ಇವರು ಚೋಕ್ ಅರ್ಧ ಎಳೆದು ಕೀ ತಿರುಗಿಸಿದರು. ಕಾರು ಸ್ಟಾರ್ಟ್ ಆಯಿತು.

ಇವರು ಎಂಜಿನ್ ಆಫ್ ಮಾಡಿ, ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ನಾನು ಪೈಪ್ ಕೆಳಗೆ ಹಾಕಿ ಹತ್ತಿರ ಹೋದೆ.

"ನಂದೇ ತಪ್ಪು ರೀ. ನಿಮ್ಗೆ ಕಾಣದ ಹಾಗೆ ಪೈಪಲ್ಲಿ ತೊಳೀತಿದ್ದೆ. ನೀವು ಕೊರಗ್ತಾ ಕೂತಿದ್ದು ನನ್ನಿಂದ."

ಇವರು ಪೈಪಿನ ಕಡೆ ನೋಡಲೂ ಇಲ್ಲ. "ಹಾಗಾದ್ರೆ ನಾನು ಚೋಕ್ ಸರಿಯಾಗೇ ಎಳೀತಿದ್ದೆ" ಅಂದರು.

"ಸರಿಯಾಗೇ ಎಳೀತಿದ್ರಿ."

"ಹದಿನಾಲ್ಕು ಸಲಾನೂ?"

ಕ್ಯಾಲೆಂಡರನ್ನೇ ಗೋಡೆಯಿಂದ ತಂದು ಅವರ ತೊಡೆಯ ಮೇಲಿಟ್ಟೆ. ಮಾಲವಿಕಾ ನೋಟ್‌ಬುಕ್ ತಂದಳು. ಇನ್‌ಸ್ಪೆಕ್ಟರ್ ಇನ್‌ಸ್ಪೆಕ್ಟರೇ. ಒಂದೊಂದೇ ತಾರೀಖನ್ನು ಬೆರಳಿಟ್ಟು ತಾಳೆ ನೋಡಿದರು. ನೋಡುತ್ತಾ ನೋಡುತ್ತಾ ಬೆನ್ನು ನೆಟ್ಟಗಾಯಿತು, ದನಿ ಗಟ್ಟಿಯಾಯಿತು. ನಾನು ಹಾಗೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಮಾರ್ಚ್ ಹತ್ತೊಂಬತ್ತಕ್ಕೆ ಬಂದಾಗ ಇವರ ಬೆರಳು ನಿಂತಿತು.

"ಇದೊಂದು ನೀರಿನ ದಿನ ಅಲ್ವಲ್ಲ ಸಾರ್" ಅಂದರು ಗೂಳಪ್ಪ, ಬಗ್ಗಿ ನೋಡುತ್ತಾ.

ಇವರು ನನ್ನ ಕಡೆ ನೋಡಿದರು. "ಅವತ್ತು ಕಾರಿಂದೇನೂ ತಪ್ಪಿಲ್ಲ. ಪೆಟ್ರೋಲ್ ಇರಲಿಲ್ಲ. ಹಿಂದಿನ ದಿನ ಹಾಕಿಸ್ಬೇಕು ಅಂದ್ಕೊಂಡು ಮರ್ತುಬಿಟ್ಟಿದ್ದೆ. ನಿಮಗೆಲ್ಲ ಹೇಳೋಕೆ ಭಯ ಆಯ್ತು. ನೀನು ಮಧ್ಯಾಹ್ನ ಮಲಗಿದ್ದಾಗ ಕ್ಯಾನ್ ತಗೊಂಡು ನಡ್ಕೊಂಡು ಹೋಗಿ ತಂದು ಹಾಕಿದೆ. ಆ ಕಾರಣ ಬುಕ್ಕಲ್ಲಿ ಬರೀಲಿಲ್ಲ."

ಎಪ್ಪತ್ತಮೂರು ವರ್ಷದ ಮನುಷ್ಯ ಮಟಮಟ ಮಧ್ಯಾಹ್ನದಲ್ಲಿ ಪೆಟ್ರೋಲ್ ಕ್ಯಾನ್ ಹಿಡಿದು, ನಮಗೆ ಹೆದರಿ ಕದ್ದು ನಡೆದುಹೋದದ್ದು ನನ್ನ ಕಣ್ಣಿಗೆ ಕಟ್ಟಿತು. ಎದ್ದು ಸೆರಗು ಸಿಕ್ಕಿಸಿಕೊಂಡೆ.

"ಪೆಟ್ರೋಲ್ ಮರೀತಾರಾ ಯಾರಾದ್ರೂ? ಕಣ್ಣೆದುರಿಗೆ ಮುಳ್ಳು ಇರುತ್ತಲ್ಲ, ಅದೇನು ಅಲಂಕಾರಕ್ಕೆ ಇಟ್ಟಿದಾರಾ? ನಾನು ಎರಡು ಸಾಸಿವೆ ಹೊತ್ತಿಸಿದ್ರೆ ಮೂರು ದಿನ ಹೇಳ್ತೀರಿ. ಆ ಬಿಸಿಲಲ್ಲಿ ಟೋಪಿ ಇಲ್ಲದೆ ನಡ್ಕೊಂಡು ಹೋಗಿ ತಲೆ ತಿರುಗಿ ಬಿದ್ದಿದ್ರೆ ಯಾರು ನೋಡೋರು? ಹೋದ ತಿಂಗಳು ಹಾಲು ಉಕ್ಕಿಸಿದ್ರಲ್ಲ, ಅದನ್ನೂ ಸುಮ್ನೆ ಬಿಟ್ಟಿದ್ದೆ. ಕನ್ನಡಕ ಹಣೆ ಮೇಲೆ ಇಟ್ಕೊಂಡು ನನ್ನ ಬೀರು ಎಲ್ಲ ಕಿತ್ತು ಹಾಕಿದ್ರಿ, ಆಗ್ಲೂ ಬಾಯಿ ಮುಚ್ಕೊಂಡಿದ್ದೆ. ಎಷ್ಟು ದಿನ ಅಂತ ಸುಮ್ನಿರ್ಲಿ ನಾನು?"

ಎರಡು ತಿಂಗಳು ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಬೈಯುತ್ತಾ ಬೈಯುತ್ತಾ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ಹನುಮಕ್ಕ ಗೇಟಿಗೆ ಬಂದು ನಿಂತಳು. ಗೂಳಪ್ಪ ಬೆಡ್‌ಶೀಟ್ ಮಡಿಸುವ ನೆಪದಲ್ಲಿ ಆ ಕಡೆ ತಿರುಗಿದರು. ಇವರು ಮಡಿಪಂಚೆಯಲ್ಲಿ, ಕೈಗೆ ಗ್ರೀಸ್ ಮೆತ್ತಿಕೊಂಡು, ಮೆಟ್ಟಿಲ ಮೇಲೆ ಕೂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡರು. ಉಸಿರು ತೆಗೆದುಕೊಳ್ಳಲು ನಾನು ಒಂದು ಗಳಿಗೆ ನಿಂತಾಗ ತಲೆ ಎತ್ತಿ ನೋಡಿ, "ನಿಲ್ಲಿಸ್ಬೇಡ ಕಣೇ, ಇನ್ನೂ ಬೈಯಿ" ಅಂದರು.